ಮನೆ ನೋಡಲು ಬರುತ್ತದೆ, ಏರಿಯಾ ನೋಡುವುದು ಹೇಗೆ? (ಬೆಂಗಳೂರು, ಮಗು ಮತ್ತು ಅಜ್ಜಿ ಇರುವ ಮನೆ)

ಹಂಪಿನಗರದವಳು

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ಬಾಡಿಗೆ ಮನೆಯಲ್ಲೇ ಕಳೆದೆವು. ಈಗ ಸ್ವಂತದ್ದು ಕೊಳ್ಳುವ ಧೈರ್ಯ ಮಾಡಿದ್ದೇವೆ. ಮನೆಯಲ್ಲಿ ನಾಲ್ಕು ಜನ. ನಾನು, ನಮ್ಮ ಯಜಮಾನರು, ಏಳು ವರ್ಷದ ಮಗಳು, ಮಂಡಿನೋವಿನ ಅತ್ತೆ. ಅವರ ಆಫೀಸು ಕುಂದಲಹಳ್ಳಿ ಹತ್ತಿರ, ನನ್ನದು ಮೆಜೆಸ್ಟಿಕ್ ಕಡೆ. ಬಜೆಟ್ 90 ಲಕ್ಷ. ಎಳೆದಾಡಿದರೆ ಇನ್ನೊಂದು ಐದು.

ಮೂರು ಕಡೆ ನೋಡಿದ್ದೇವೆ. ಅತ್ತಿಗುಪ್ಪೆ ಮೆಟ್ರೋಗೆ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳೇ 2 ಬಿಎಚ್‌ಕೆ. ಎಂಟೇ ಮನೆಗಳ ಕಟ್ಟಡ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಇನ್ನೊಂದು ಸರ್ಜಾಪುರ ರಸ್ತೆಯಿಂದ ಒಳಗೆ, ತುಂಬಾನೇ ಒಳಗೆ, ದೊಡ್ಡ ಗೇಟೆಡ್ ಅಪಾರ್ಟ್‌ಮೆಂಟ್. 14ನೇ ಮಹಡಿ, ಈಜುಕೊಳ, ಕ್ಲಬ್ ಹೌಸ್ ಎಲ್ಲ ಇದೆ. ಮೂರನೆಯದು ಕೆಂಗೇರಿ ಆಚೆ 30x40 ಸೈಟು. ಬಿ ಖಾತಾ, ಅಂದರೆ ಪಾಲಿಕೆಯ ದಾಖಲೆಯಲ್ಲಿ ಇನ್ನೂ ಪೂರ್ತಿ ಕ್ರಮಬದ್ಧವಾಗದ ಆಸ್ತಿ. ‘ಎ ಆಗುತ್ತೆ ಮೇಡಂ, ಚಿಂತೆ ಬಿಡಿ’ ಎಂದು ಬ್ರೋಕರ್ ಹೇಳುತ್ತಾರೆ.

ಟೈಲ್ಸು, ನಲ್ಲಿ, ಗಾಳಿ ಬೆಳಕು ನೋಡಲು ನನಗೆ ಬರುತ್ತದೆ. ಆದರೆ ಸುತ್ತಲಿನ ಜಾಗ ಸಂಸಾರಕ್ಕೆ ಒಗ್ಗುತ್ತದೋ ಇಲ್ಲವೋ ಹೇಗೆ ತಿಳಿಯುವುದು? ಅತ್ತೆಯದು ಒಂದೇ ಪ್ರಶ್ನೆ, ‘ಬಾಗಿಲು ಪೂರ್ವಕ್ಕಿದೆಯಾ?’

---

ಎರಡು ಮಕ್ಕಳ ಅಪ್ಪ

ನಾನು ಮನೆ ಕೊಳ್ಳುವಾಗ ಮಾಡಿದ ಪರೀಕ್ಷೆ ಒಂದೇ. ಮಗಳ ಕೈಗೆ 20 ರೂಪಾಯಿ ಕೊಟ್ಟು ಕೊತ್ತಂಬರಿ ಸೊಪ್ಪು ತಾ ಎಂದು ಕಳಿಸಬಹುದಾ? ಇವತ್ತೇ ಅಲ್ಲ, ಇನ್ನು ಎರಡು ವರ್ಷದಲ್ಲಿ? ದಾರಿಯಲ್ಲಿ ಎಷ್ಟು ರಸ್ತೆ ದಾಟಬೇಕು? ಫುಟ್‌ಪಾತ್ ಇದೆಯಾ, ಇದ್ದರೆ ಅದರ ಮೇಲೆ ಬೈಕ್ ಓಡುತ್ತದಾ? ಚರಂಡಿಯ ಕಲ್ಲು ಬಾಯಿ ಬಿಟ್ಟಿದೆಯಾ? ಅಂಗಡಿಯವನು ‘ಯಾರ ಮನೆ ಮಗು ನೀನು’ ಎಂದು ಕೇಳುವಂಥವನಾ?

ಇದೇ ಪರೀಕ್ಷೆ ಅಜ್ಜಿಗೂ ಮಾಡಿ. ದೇವಸ್ಥಾನ, ಮೆಡಿಕಲ್ ಶಾಪು, ಕೂರಲು ಬೆಂಚಿರುವ ಪಾರ್ಕು. ಮೂರಕ್ಕೂ ಯಾರ ಕೈಯನ್ನೂ ಹಿಡಿಯದೆ ಹೋಗಿ ಬರಲು ಆಗಬೇಕು. ಅಜ್ಜಿ ಆಟೋಗಾಗಿ ಮಗನ ಫೋನು ಕಾಯುವ ಜಾಗವಾದರೆ ಈಜುಕೊಳ ಇದ್ದು ಏನು ಪ್ರಯೋಜನ?

---

ಸರ್ಜಾಪುರ ಸಂಸಾರಿ

ಈಗ ಎಲ್ಲರೂ ಸೇರಿ ನಮ್ಮ ಕಡೆಯನ್ನು ಬೈಯುತ್ತೀರಿ ಎಂದು ಗೊತ್ತು. ಅದಕ್ಕೇ ಮೊದಲೇ ಬಂದೆ 🙂

ಆರು ವರ್ಷದಿಂದ ಗೇಟೆಡ್ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ನನ್ನ ಮಕ್ಕಳು ಸಂಜೆ 5ಕ್ಕೆ ಇಳಿದರೆ 7ಕ್ಕೆ ಮೇಲೆ ಬರುತ್ತಾರೆ. ನಾನು ಕಿಟಕಿಯಲ್ಲಿ ನಿಂತು ಕಾಯುವುದಿಲ್ಲ. ಒಂದೇ ವಯಸ್ಸಿನ ಇಪ್ಪತ್ತು ಮಕ್ಕಳಿದ್ದಾರೆ. ಹಳೇ ಏರಿಯಾದಲ್ಲಿ ನನ್ನ ಅಣ್ಣನ ಮಗ ಟಿವಿ ಮುಂದೆ ಕೂತಿರುತ್ತಾನೆ. ಆ ಬೀದಿಯಲ್ಲಿ ಆಡಲು ಮಕ್ಕಳೂ ಇಲ್ಲ, ಕಾರು ನಿಲ್ಲಿಸಿ ಆಡಲು ಜಾಗವೂ ಇಲ್ಲ. ‘ಹಳೇ ಬೆಂಗಳೂರು’ ಎಂದು ಕಣ್ಣೀರು ಹಾಕುವವರು ಇದನ್ನು ಹೇಳುವುದಿಲ್ಲ.

ಇನ್ನೊಂದು ಕಡೆಯನ್ನೂ ಹೇಳಿಬಿಡುತ್ತೇನೆ. 2024ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್‌ಗಳು ಕೈಕೊಟ್ಟವು. ದಿನಕ್ಕೆ ಇಷ್ಟೇ ಹೊತ್ತು ನೀರು ಎಂದು ನೋಟಿಸ್ ಬಂತು. ಟ್ಯಾಂಕರ್ ಖರ್ಚು ಮೇಂಟೆನೆನ್ಸ್‌ಗೆ ಸೇರಿತು. ಈಜುಕೊಳ ಖಾಲಿ ಬಿತ್ತು. ಇಎಂಐ ಲೆಕ್ಕ ಹಾಕುವವರು ಮೇಂಟೆನೆನ್ಸ್ ಲೆಕ್ಕವನ್ನೂ ಹಾಕಿ. ಅದು ಸಾಲದ ಹಾಗೆ ಒಂದು ದಿನ ಮುಗಿಯುವುದಿಲ್ಲ.

---

ಕಡತ ಪಂಡಿತ

ಏರಿಯಾ ಆಮೇಲೆ ನೋಡೋಣ. ಆ ಬಿ ಖಾತಾ ಸೈಟನ್ನು ಮೊದಲು ಪಟ್ಟಿಯಿಂದ ತೆಗೆಯಿರಿ. ಆಗುತ್ತೆ ಎನ್ನುವುದು ಬೇರೆ, ಆಗಿದೆ ಎನ್ನುವುದು ಬೇರೆ. ಆದ ಮೇಲೆ ಬರುತ್ತೇವೆ ಎಂದು ಹೇಳಿ. ಬಿ ಖಾತಾಗೆ ದೊಡ್ಡ ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ.

ಉಳಿದ ಎರಡಕ್ಕೆ ಕೇಳಬೇಕಾದ್ದು: ಇ-ಖಾತಾ, ಅಂದರೆ ಡಿಜಿಟಲ್ ಆಸ್ತಿ ದಾಖಲೆ (2024ರ ಅಕ್ಟೋಬರ್‌ನಿಂದ ಅದಿಲ್ಲದೆ ಬೆಂಗಳೂರಿನಲ್ಲಿ ನೋಂದಣಿ ಆಗುವುದಿಲ್ಲ), ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಿಂದ ನೀವೇ ತೆಗೆದ ಇಸಿ (ಆಸ್ತಿಯ ಮೇಲಿನ ಋಣ, ವಹಿವಾಟು ತೋರಿಸುವ ಪತ್ರ), ಮೂಲಪತ್ರ, ಮಂಜೂರಾದ ನಕ್ಷೆ, ಒಸಿ (ಕಟ್ಟಡದಲ್ಲಿ ವಾಸಿಸಬಹುದು ಎನ್ನುವ ಪ್ರಮಾಣಪತ್ರ). ಹೊಸ ಯೋಜನೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಿ. ದೂರುಗಳೂ ಅಲ್ಲೇ ಸಿಗುತ್ತವೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಒಸಿ ಇಲ್ಲದ ಹೊಸ ಕಟ್ಟಡಕ್ಕೆ ಕರೆಂಟು, ನೀರಿನ ಕನೆಕ್ಷನ್ ಪಡೆಯುವುದೇ ಕಷ್ಟವಾಗಿದೆ. 30x40 ಒಳಗಿನ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿದೆ, ಅಪಾರ್ಟ್‌ಮೆಂಟಿಗೆ ಅದು ಸಿಗದು.

ಬಜೆಟ್ 90 ಎಂದಿರಿ. ನೋಂದಣಿ ಅದರಲ್ಲಿ ಸೇರಿದೆಯಾ? 45 ಲಕ್ಷ ದಾಟಿದರೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 1% ಇದ್ದದ್ದು 2025ರ ಆಗಸ್ಟ್ 31ರಿಂದ 2% ಆಗಿದೆ. ಒಟ್ಟು 7.6%. 90 ಲಕ್ಷಕ್ಕೆ 6 ಲಕ್ಷ 84 ಸಾವಿರ. ನಿಮ್ಮ ‘ಇನ್ನೊಂದು ಐದು’ ಅಲ್ಲೇ ಹೋಯಿತು.

---

ಹಂಪಿನಗರದವಳು

ಅಯ್ಯೋ. ನೋಂದಣಿ ಲೆಕ್ಕ ನಾವು ಹಳೇ ದರದಲ್ಲಿ ಹಾಕಿದ್ದೆವು. ರಾತ್ರಿ ಊಟದ ಹೊತ್ತಿಗೆ ಇದನ್ನು ಹೇಳುವುದಿಲ್ಲ, ನಾಳೆ ಬೆಳಿಗ್ಗೆ ಹೇಳುತ್ತೇನೆ.

---

ಕೆರೆ ಏರಿ

ದಿಶಾಂಕ್ ಎನ್ನುವ ಸರ್ಕಾರಿ ಆ್ಯಪ್ ಇದೆ. ಫೋನಿಗೆ ಹಾಕಿಕೊಂಡು ಆ ಜಾಗದಲ್ಲೇ ನಿಂತು ತೆರೆಯಿರಿ. ಸರ್ವೆ ನಂಬರ್ ತೋರಿಸುತ್ತದೆ. ಹಳೇ ನಕ್ಷೆಯಲ್ಲಿ ಅಲ್ಲಿ ಕೆರೆ, ಹಳ್ಳ, ಖರಾಬು (ಸಾಗುವಳಿಗೆ ಬಾರದ ಜಮೀನು) ಇತ್ತಾ ಎಂದೂ ಗೊತ್ತಾಗುತ್ತದೆ.

ಬೆಂಗಳೂರಿನಲ್ಲಿ ನೀರಿನ ದಾರಿಯನ್ನು ಮರೆತು ಮನೆ ಕೊಂಡವರ ಕಥೆ 2022ರ ಸೆಪ್ಟೆಂಬರ್‌ನಲ್ಲಿ ದೇಶವೇ ನೋಡಿತು. ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ರಾಜಕಾಲುವೆಯಿಂದ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಎಷ್ಟು ಮೀಟರ್ ಬಿಡಬೇಕು ಎನ್ನುವ ಲೆಕ್ಕ ಬದಲಾಗುತ್ತಲೇ ಇದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆಲವು ಕಡೆ ಜಾಸ್ತಿ ಮಾಡಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನೀರಿಗೆ ಯಾವ ಆದೇಶದ ಪ್ರತಿಯೂ ತಲುಪಿಲ್ಲ. ಅದು ತನ್ನ ಹಳೇ ದಾರಿಯಲ್ಲೇ ಬರುತ್ತದೆ.

ಜೋರು ಮಳೆ ಬಂದ ಮಾರನೇ ದಿನ ಹೋಗಿ. ಕಾಂಪೌಂಡ್ ಗೋಡೆಯ ಮೇಲೆ ಕೆಸರಿನ ಗೆರೆ ಎಷ್ಟು ಎತ್ತರಕ್ಕಿದೆ ನೋಡಿ. ಆ ಬೀದಿಯ ಮನೆಗಳ ಬಾಗಿಲಲ್ಲಿ ಎರಡಡಿ ಎತ್ತರದ ಹೊಸ ಕಟ್ಟೆ ಕಟ್ಟಿದ್ದರೆ, ಅದು ಚೆಂದಕ್ಕೆ ಕಟ್ಟಿದ್ದಲ್ಲ.

---

ಫಿಲ್ಟರ್ ಕಾಫಿ

ಕೆರೆ ಇಲ್ಲದ ಜಾಗ ಬೆಂಗಳೂರಲ್ಲಿ ಎಲ್ಲಿದೆ ಸ್ವಾಮಿ? ಮೆಜೆಸ್ಟಿಕ್ ಬಸ್ ಸ್ಟ್ಯಾಂಡೇ ಧರ್ಮಾಂಬುಧಿ ಕೆರೆ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ. ನಾವೆಲ್ಲ ಮೀನುಗಳು.

---

ಕೆರೆ ಏರಿ

ನಗು ಬಂತು. ಆದರೆ ಬಸ್ ಸ್ಟ್ಯಾಂಡಿಗೆ ಯಾರೂ 20 ವರ್ಷದ ಸಾಲ ತೆಗೆದುಕೊಂಡಿಲ್ಲ.

---

ನೈಟ್ ಶಿಫ್ಟ್ ನರ್ಸ್

ಎಲ್ಲರೂ ಭಾನುವಾರ ಬೆಳಿಗ್ಗೆ 11ಕ್ಕೆ ಮನೆ ನೋಡಲು ಹೋಗುತ್ತಾರೆ. ಬ್ರೋಕರಿಗೂ ಅದೇ ಬೇಕು. ಆ ಹೊತ್ತಿಗೆ ಬೆಂಗಳೂರಿನ ಯಾವ ಬೀದಿಯಾದರೂ ಮಲ್ಲೇಶ್ವರದ ಹಾಗೇ ಕಾಣುತ್ತದೆ.

ವಾರದ ದಿನ ರಾತ್ರಿ 9ಕ್ಕೆ ಹೋಗಿ. ಬಸ್ಸಿಂದ ಇಳಿದು ಮನೆವರೆಗೆ ನಡೆಯಿರಿ. ಕಾರಿನಲ್ಲಿ ಹೋದರೆ ಏನೂ ತಿಳಿಯುವುದಿಲ್ಲ. ಬೀದಿ ದೀಪ ಉರಿಯುತ್ತದಾ? ಒಬ್ಬರೇ ನಡೆಯುವ ಹೆಂಗಸರು ಎಷ್ಟು ಜನ ಕಾಣಿಸಿದರು? ನಾನು ಎಣಿಸುತ್ತಿದ್ದೆ. ಹತ್ತು ನಿಮಿಷದಲ್ಲಿ ಒಬ್ಬರೂ ಕಾಣಲಿಲ್ಲ ಎಂದರೆ ಆ ಮನೆ ಬೇಡ ಎಂದು ಬಿಟ್ಟೆ. ಹೀಗೆ ಮೂರು ಮನೆ ಬಿಟ್ಟಿದ್ದೇನೆ. ನಾಲ್ಕನೆಯ ಬೀದಿಯಲ್ಲಿ ಇಬ್ಬರು ಅಜ್ಜಿಯರು ಊಟ ಮಾಡಿ ವಾಕಿಂಗ್ ಹೊರಟಿದ್ದರು, ಒಬ್ಬ ಹುಡುಗಿ ನಾಯಿ ಹಿಡಿದುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಳು. ಈಗ ಅಲ್ಲೇ ಇದ್ದೇನೆ. ಅಡುಗೆಮನೆ ತೀರಾ ಚಿಕ್ಕದು. ಪರವಾಗಿಲ್ಲ.

ಬಸ್ ಸ್ಟಾಪ್ ಎಷ್ಟು ದೂರ ನೋಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ (ಹೆಂಗಸರಿಗೆ ಉಚಿತ ಬಸ್) ಬಂದ ಮೇಲೆ ನಮ್ಮಮ್ಮ ಯಾರನ್ನೂ ಕೇಳದೆ ಓಡಾಡಲು ಶುರು ಮಾಡಿದ್ದಾರೆ. ಗಾಂಧಿ ಬಜಾರು, ತಂಗಿ ಮನೆ, ಎಲ್ಲಿಗೆ ಬೇಕಾದರೂ. ಬಸ್ಸು ಬರದ ಬಡಾವಣೆಯಲ್ಲಿ ಅಂಥ ಸ್ವಾತಂತ್ರ್ಯ ಇರುವುದಿಲ್ಲ.

---

ಮಂಡ್ಯದ ಹುಡುಗ

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೆಲವು ಹಳೇ ಬಡಾವಣೆಗಳಲ್ಲಿ ಮೊದಲ ಪ್ರಶ್ನೆ ‘ನಿಮ್ಮದು ವೆಜ್ಜಾ, ನಾನ್‌ವೆಜ್ಜಾ?’ ಬಾಡಿಗೆಗೆ ಮಾತ್ರ ಅಂದುಕೊಂಡಿದ್ದೆ. ಕೊಳ್ಳಲು ಹೋದಾಗಲೂ ಕೇಳಿದರು. ಮಾರುವವರಿಗೆ ತೊಂದರೆ ಇರಲಿಲ್ಲ. ಕೆಳಗಿನ ಮನೆಯವರು ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದರು. ಭಾನುವಾರ ಮನೆಯಲ್ಲಿ ಬಾಡೂಟ ಮಾಡಿ ಕಿಟಕಿ ಮುಚ್ಚಿಕೊಂಡು ಕೂರಬೇಕೆಂದರೆ ಅದು ಸ್ವಂತ ಮನೆಯಾ? ಬಿಟ್ಟು ಬಂದೆ.

ಆದ್ದರಿಂದ ಅಕ್ಕ, ಅಡ್ವಾನ್ಸ್ ಕೊಡುವ ಮೊದಲು ಆ ಎಂಟು ಮನೆಗಳಲ್ಲಿ ನಾಲ್ಕು ಮನೆಯ ಬೆಲ್ ಒತ್ತಿ ಮಾತಾಡಿಸಿ. ‘ನೀರು ಹೇಗೆ ಬರುತ್ತದೆ’ ಎಂದು ಶುರು ಮಾಡಿ. ಮಿಕ್ಕಿದ್ದನ್ನು ಅವರೇ ಹೇಳುತ್ತಾರೆ.

---

ಎರಡು ಮಕ್ಕಳ ಅಪ್ಪ

ಮಂಡ್ಯದವರ ಮಾತು ನಿಜ. ಎಂಟು ಮನೆಗಳ ಕಟ್ಟಡದಲ್ಲಿ ಒಬ್ಬರು ಕಿರಿಕಿರಿಯವರಾದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. 300 ಮನೆಗಳಲ್ಲಿ ಅಂಥವರನ್ನು ಗುರುತು ಹಿಡಿಯಲೇ ವರ್ಷ ಬೇಕು.

ಬೆಲ್ ಒತ್ತಲು ಸಂಕೋಚವಾದರೆ ಇಸ್ತ್ರಿ ಅಂಗಡಿಗೆ ಹೋಗಿ. ನಾಲ್ಕು ಬಟ್ಟೆ ಕೊಟ್ಟು ಅಲ್ಲೇ ನಿಂತು ಮಾತಾಡಿ. ಯಾವ ಮನೆಯಲ್ಲಿ ಎಷ್ಟು ಜನ, ಯಾವ ಮನೆ ಎರಡು ವರ್ಷದಲ್ಲಿ ಮೂರು ಸಲ ಕೈ ಬದಲಾಯಿತು, ಯಾವುದು ಪಿಜಿ ಆಗಲಿದೆ, ಎಲ್ಲ ಅವರಿಗೆ ಗೊತ್ತು. ಗೂಗಲ್ ರಿವ್ಯೂನಲ್ಲಿ ಇದು ಸಿಗುವುದಿಲ್ಲ. ಬೆಳಿಗ್ಗೆ ಮನೆಮನೆಗೆ ಹೂವು ಕೊಡುವವರೂ ಆಗುತ್ತದೆ.

---

ಪಿಜಿ ಪಕ್ಕದ ಮನೆ

ಪಿಜಿ ಎಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ವಿಜಯನಗರ, ಚಂದ್ರಾ ಲೇಔಟ್ ಸುತ್ತ ಕೋಚಿಂಗ್ ಸೆಂಟರ್ ಜಾಸ್ತಿ. ಐಎಎಸ್, ಕೆಎಎಸ್ ಓದುವ ಮಕ್ಕಳು. ಒಳ್ಳೆಯ ಮಕ್ಕಳೇ, ಹಂಪಿನಗರದ ಲೈಬ್ರರಿಯಲ್ಲಿ ತಲೆ ಎತ್ತದೆ ಓದುತ್ತಾರೆ. ಆದರೆ ನಮ್ಮ ಪಕ್ಕದ 30x40 ಮನೆ ಕೆಡವಿ ಐದು ಅಂತಸ್ತಿನ ಪಿಜಿ ಎದ್ದಿತು. ನಮ್ಮ ಅಡುಗೆಮನೆಗೆ ಈಗ ಹಗಲಲ್ಲೂ ಲೈಟು ಬೇಕು. ಒಳಚರಂಡಿ ಆರು ಜನರ ಮನೆಗೆಂದು ಹಾಕಿದ್ದು, ಈಗ ಅರವತ್ತು ಜನ. ತಿಂಗಳಿಗೊಮ್ಮೆ ಮ್ಯಾನ್‌ಹೋಲ್ ಉಕ್ಕುತ್ತದೆ.

ಪಕ್ಕದಲ್ಲಿ ಖಾಲಿ ಸೈಟೋ, ಹೆಂಚಿನ ಮನೆಯೋ ಇದ್ದರೆ ಗಾಳಿ ಬೆಳಕು ಚೆನ್ನಾಗಿದೆ ಎಂದು ಖುಷಿಪಡಬೇಡಿ. ಅದು ಇವತ್ತಿನ ಬೆಳಕು ಅಷ್ಟೇ.

---

ಭಾಷೆ ಮೇಷ್ಟ್ರು

ಸರ್ಜಾಪುರ ಸಂಸಾರಿಯವರಿಗೆ ಒಂದು ಪ್ರಶ್ನೆ, ಜಗಳಕ್ಕಲ್ಲ. ಸಂಜೆ ಆಡುವ ಆ ಇಪ್ಪತ್ತು ಮಕ್ಕಳು ಯಾವ ಭಾಷೆಯಲ್ಲಿ ಜಗಳ ಆಡುತ್ತಾರೆ?

---

ಸರ್ಜಾಪುರ ಸಂಸಾರಿ

ಮೇಷ್ಟ್ರೇ, ಸರಿಯಾದ ಜಾಗಕ್ಕೇ ಚುಚ್ಚಿದಿರಿ. ಇಂಗ್ಲಿಷು, ಸ್ವಲ್ಪ ಹಿಂದಿ. ದೊಡ್ಡವಳಿಗೆ ಕನ್ನಡ ಬರುತ್ತದೆ, ಅಜ್ಜಿ ಜೊತೆ ಬೆಳೆದಳು. ಚಿಕ್ಕವನು ಅಜ್ಜಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಅಮ್ಮ ಅದನ್ನು ನನಗೆ ಹೇಳುವುದಿಲ್ಲ, ಊರಿಗೆ ಹೋದಾಗ ಚಿಕ್ಕಮ್ಮನಿಗೆ ಹೇಳಿದ್ದಾರೆ. ಅಕ್ಕಪಕ್ಕದವರು ಒಳ್ಳೆಯ ಜನ, ಕನ್ನಡ ಕಲಿಯಲು ಅವರಿಗೇನೂ ಅಡ್ಡಿ ಇಲ್ಲ. ಆದರೆ ಕಲಿಯದೆ ಅವರಿಗೆ ಯಾವ ಕೆಲಸವೂ ನಿಂತಿಲ್ಲ. ನವೆಂಬರ್ 1ಕ್ಕೆ ಬಾವುಟ ಹಾರಿಸುತ್ತೇವೆ, ಮೈಸೂರ್ ಪಾಕ್ ಹಂಚುತ್ತೇವೆ, ಮತ್ತೆ ಮಾರನೇ ದಿನ ಅದೇ.

ಅಮ್ಮನಿಗೆ ಕೆಳಗೆ ಬೆಂಚಿನಲ್ಲಿ ಜೊತೆಗಾರರಿದ್ದಾರೆ. ಒಬ್ಬರು ತೆಲುಗು, ಒಬ್ಬರು ಬಂಗಾಳಿ. ಮೂವರೂ ತಂತಮ್ಮ ಭಾಷೆಯಲ್ಲಿ ಸೊಸೆಯರನ್ನು ಬೈಯುತ್ತಾರೆ. ಹೇಗೋ ಅರ್ಥ ಆಗುತ್ತದಂತೆ.

---

ಕೆಂಗೇರಿ ಲಾಸ್ಟ್ ಸ್ಟಾಪ್

ಕೆಂಗೇರಿ ಬಗ್ಗೆ ಯಾರೂ ಬರೆದಿಲ್ಲ. ಸ್ಯಾಟಲೈಟ್ ಟೌನ್ ಹಳೇ ಬಡಾವಣೆ, ರಸ್ತೆ ಅಗಲ ಇದೆ, ಪಾರ್ಕುಗಳಿವೆ, ಮೆಟ್ರೋ ಇದೆ. ಬೆಲೆ ವಿಜಯನಗರಕ್ಕಿಂತ ಕಡಿಮೆ. ಆದರೆ ಕೊಳಚೆ ಹರಿಯುವ ವೃಷಭಾವತಿ ನದಿಯ ಹತ್ತಿರದ ಬೀದಿಗಳಲ್ಲಿ ಸಂಜೆ ವಾಸನೆ ಬರುತ್ತದೆ. ಬೆಳಿಗ್ಗೆ ಹೋದವರಿಗೆ ಗೊತ್ತಾಗುವುದಿಲ್ಲ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಓಡುತ್ತಿದೆ. ನಿಮ್ಮ ಯಜಮಾನರಿಗೆ ಗಾಡಿ ಬದಲಿಸುವ ಗೋಜಿಲ್ಲ. ಕೆಂಗೇರಿಯಲ್ಲಿ ಹತ್ತಿದರೆ ಕೂರಲು ಸೀಟು ಸಿಗುತ್ತದೆ. ಅತ್ತಿಗುಪ್ಪೆಯಲ್ಲಿ ಹತ್ತಿದರೆ ಅವರು ಕುಂದಲಹಳ್ಳಿವರೆಗೆ ನಿಲ್ಲಬೇಕು 😄

ಒಂದು ಎಚ್ಚರ. ಮೆಟ್ರೋ ‘ಬರುತ್ತದೆ’ ಎನ್ನುವ ಬ್ರೋಷರ್ ನಂಬಿ ದುಡ್ಡು ಕೊಡಬೇಡಿ. ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಅದೇ ಹಂತದ ಹಳದಿ ಮಾರ್ಗ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ, ಓಡಿದ್ದು 2025ರ ಆಗಸ್ಟ್‌ನಲ್ಲಿ. ಆಗ ಒಂದನೇ ಕ್ಲಾಸಿನಲ್ಲಿದ್ದ ಮಗು ಈಗ ಪಿಯುಸಿ.

---

ಫಿಲ್ಟರ್ ಕಾಫಿ

ಶಾಲೆ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ?

---

ನೈಟ್ ಶಿಫ್ಟ್ ನರ್ಸ್

ಮಾತಾಡಲು ಜಾಸ್ತಿ ಏನಿಲ್ಲ. ‘ಬೆಸ್ಟ್ ಸ್ಕೂಲ್’ ಹುಡುಕಬೇಡಿ, ಹತ್ತಿರದ ಸುಮಾರು ಒಳ್ಳೆಯ ಶಾಲೆ ಹುಡುಕಿ. ನನ್ನ ಅಕ್ಕನ ಮಗ ವ್ಯಾನಿನಲ್ಲಿ ಹೋಗಲು ಒಂದು ಗಂಟೆ, ಬರಲು ಒಂದೂಕಾಲು ಗಂಟೆ. ಬೆಳಿಗ್ಗೆ 6ಕ್ಕೆ ಏಳುತ್ತಾನೆ. ಮನೆಗೆ ಬಂದ ತಕ್ಷಣ ಶೂ ಹಾಕಿಕೊಂಡೇ ನಿದ್ದೆ ಹೋಗಿರುತ್ತಾನೆ. ಆ ಶಾಲೆಯಲ್ಲಿ ಕುದುರೆ ಸವಾರಿ ಕಲಿಸುತ್ತಾರಂತೆ.

---

ಕಡತ ಪಂಡಿತ

ನೀರಿನ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಮುಖ್ಯವಾಗಿ 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ. ಹೊರವಲಯದ ಮನೆ ತೋರಿಸುವವರೆಲ್ಲ ಈಗ ‘ಕಾವೇರಿ ಬಂದಿದೆ’ ಎನ್ನುತ್ತಾರೆ. ಬೀದಿಗೆ ಬಂದಿದೆಯಾ, ಕಟ್ಟಡಕ್ಕೆ ಕನೆಕ್ಷನ್ ತೆಗೆದುಕೊಂಡಿದ್ದಾರಾ, ವಾರಕ್ಕೆ ಎಷ್ಟು ದಿನ ಬರುತ್ತದೆ? ಕಳೆದ ಆರು ತಿಂಗಳ ನೀರಿನ ಬಿಲ್ಲು ತೋರಿಸಿ ಎನ್ನಿ. ಟ್ಯಾಂಕರ್ ಬಿಲ್ಲೂ ಇದ್ದರೆ ಜೊತೆಗೆ ಕೇಳಿ.

ಅತ್ತಿಗುಪ್ಪೆ ಮನೆಯ ಪರವಾಗಿ ಒಂದು ಮಾತು. ಎಂಟೇ ಮನೆ ಎಂದರೆ ನೆಲದಲ್ಲಿ ನಿಮ್ಮ ಅವಿಭಜಿತ ಪಾಲು ದೊಡ್ಡದು. ಕಟ್ಟಡಕ್ಕೆ ವಯಸ್ಸಾದರೂ ಜಾಗಕ್ಕೆ ಬೆಲೆ ಇರುತ್ತದೆ. 14ನೇ ಮಹಡಿಯಲ್ಲಿ ನಿಮ್ಮ ಪಾಲಿನ ನೆಲ ಎಷ್ಟು ಚದರಡಿ ಎಂದು ಕೇಳಿ ನೋಡಿ.

---

ಎರಡು ಮಕ್ಕಳ ಅಪ್ಪ

ಆದರೆ ಲಿಫ್ಟ್ ಇಲ್ಲದ ಎರಡನೇ ಮಹಡಿ, ಮಂಡಿನೋವು. ಇದನ್ನು ಎಲ್ಲರೂ ಮರೆತೇಬಿಟ್ಟೆವು. ಅತ್ತೆಯವರು ಮೊದಲ ತಿಂಗಳು ಹತ್ತಿ ಇಳಿಯುತ್ತಾರೆ, ಆಮೇಲೆ ಇಳಿಯುವುದನ್ನೇ ಬಿಡುತ್ತಾರೆ. ಆಗ ಬೀದಿ ಎಷ್ಟು ಚೆನ್ನಾಗಿದ್ದರೂ ಅವರಿಗೆ ಅದು ಬಾಲ್ಕನಿಯಿಂದ ನೋಡುವ ಚಿತ್ರ. ಬೀದಿ ಇಷ್ಟವಾದರೆ ಆ ಮನೆಯನ್ನೇ ಹಿಡಿದು ಕೂರಬೇಡಿ. ಅದೇ ಬೀದಿಯಲ್ಲಿ ಬೇರೆ ಮನೆ ಬರುವವರೆಗೆ ಕಾಯಿರಿ. ಸಾಧ್ಯವಾದರೆ ಅಲ್ಲೇ ಬಾಡಿಗೆಗೆ ಹೋಗಿ.

---

ಹಂಪಿನಗರದವಳು (ಏಳು ತಿಂಗಳ ನಂತರ)

ಕೆಲವರು ಮೆಸೇಜ್ ಮಾಡಿ ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಸೈಟು ಬಿಟ್ಟೆವು. ಸರ್ಜಾಪುರಕ್ಕೆ ಎರಡು ಸಲ ಹೋದೆವು. ಮಗಳಿಗೆ ಅಲ್ಲಿಯ ಜಾರುಬಂಡೆ ಬಿಟ್ಟು ಬರಲು ಮನಸ್ಸಿರಲಿಲ್ಲ, ಅತ್ತು ಕರೆದಳು. ಆದರೆ ನಾನು ವಾರದ ದಿನ ಸಂಜೆ ಮೆಜೆಸ್ಟಿಕ್ಕಿನಿಂದ ಅಲ್ಲಿಗೆ ಹೋಗಿ ನೋಡಿದೆ. ಮನೆ ತಲುಪಿದಾಗ 8.40. ಅಷ್ಟು ಹೊತ್ತಿಗೆ ಮಗಳ ಹೋಮ್‌ವರ್ಕ್ ಯಾರು ಮಾಡಿಸುತ್ತಾರೆ? ಅಲ್ಲಿಗೆ ಅದೂ ಮುಗಿಯಿತು.

ಅತ್ತಿಗುಪ್ಪೆಯ ಆ ಮನೆ ಬಿಟ್ಟು, ಅದರ ಹಿಂದಿನ ಬೀದಿಯಲ್ಲೇ ಬಾಡಿಗೆಗೆ ಬಂದೆವು. ಬಾಡಿಗೆ ದುಡ್ಡು ದಂಡ ಎಂದು ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. ಆದರೆ ಮಳೆಗಾಲದಲ್ಲಿ ನೋಡಿದೆವು, ಅದೇ ಕಟ್ಟಡದ ಮುಂದೆ ಮ್ಯಾನ್‌ಹೋಲ್ ಎರಡು ಸಲ ಉಕ್ಕಿತು. ಪಕ್ಕದ ಕ್ರಾಸಿನಲ್ಲಿ ಎತ್ತರ ಜಾಸ್ತಿ, ಅಲ್ಲಿ ಏನೂ ಆಗಲಿಲ್ಲ. ನೂರೇ ಮೀಟರ್ ವ್ಯತ್ಯಾಸ.

ಇಸ್ತ್ರಿ ಅಂಗಡಿಯವರು ಹೇಳಿದ್ದಕ್ಕೇ ಆ ಕ್ರಾಸಿನ ಮನೆ ಗೊತ್ತಾಯಿತು. ಮಗನ ಹತ್ತಿರ ಹೋಗಲಿರುವ ದಂಪತಿ ಮಾರುತ್ತಿದ್ದಾರೆ. ನೆಲಮಹಡಿ, 2 ಬಿಎಚ್‌ಕೆ, ಆರು ಮನೆಗಳ ಕಟ್ಟಡ. ಕತ್ತಲೆ ಸ್ವಲ್ಪ ಇದೆ. ಕಾರು ನಿಲ್ಲಿಸಲು ಜಾಗ ಒಂದಕ್ಕೇ, ಅದೂ ಅಡ್ಡಡ್ಡ ನಿಲ್ಲಿಸಬೇಕು. ಬಾಗಿಲು ಉತ್ತರಕ್ಕೆ. ಅತ್ತೆ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಎದುರು ಮನೆಯವರ ಜೊತೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಆಮೇಲೆ ‘ಉತ್ತರ ಕುಬೇರನ ದಿಕ್ಕು’ ಎಂದು ಅವರೇ ನನಗೆ ವಿವರಿಸಿದರು.

ಮಗಳನ್ನು ಒಬ್ಬಳೇ ಕೊತ್ತಂಬರಿಗೆ ಕಳಿಸಿದೆ. ನಾನು ಗೇಟಿನ ಹಿಂದೆ ಬಗ್ಗಿ ನೋಡುತ್ತಿದ್ದೆ. ಪುದೀನ ತಂದಳು.

---

ಮಂಡ್ಯದ ಹುಡುಗ

ಶುಭಾಶಯ ಅಕ್ಕ! ಗೃಹಪ್ರವೇಶ ಯಾವಾಗ?

---

ಹಂಪಿನಗರದವಳು

ಇನ್ನೂ ನೋಂದಣಿ ಆಗಿಲ್ಲ. ಇ-ಖಾತಾದಲ್ಲಿ ಮಾರುವವರ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸ ಬಂದಿದೆ. ತಿದ್ದುಪಡಿಗೆ ಅರ್ಜಿ ಹಾಕಿದ್ದಾರೆ. ಕಡತ ಪಂಡಿತರೇ, ಅಲ್ಲಿವರೆಗೆ ಅಗ್ರಿಮೆಂಟಿನ ದುಡ್ಡಿಗಿಂತ ಜಾಸ್ತಿ ಕೊಡಬಾರದು ಅಲ್ವಾ?

---

ಕಡತ ಪಂಡಿತ

ಒಂದು ರೂಪಾಯಿಯೂ ಕೊಡಬೇಡಿ. ಅಗ್ರಿಮೆಂಟಿನಲ್ಲಿ ತಿದ್ದುಪಡಿಗೆ ಕೊನೇ ದಿನಾಂಕ ಬರೆಸಿದ್ದೀರಾ?